ಫ್ರಾಂಕ್ ಗಡಿ ಸರದಾರನ ಏಳುಬೀಳನ್ನು ಒಂದೇ ಚಾರ್ಟಿನಲ್ಲಿ ಹಿಡಿಯುವುದು ಹೇಗೆ

ಯುರೋಪಿನ ಚರಿತ್ರೆ ಓದುವಾಗ ನಮ್ಮ ಕಲಬುರಗಿ ಹುಡುಗರು ಜಾಸ್ತಿ ಎಡವುವುದು ಹೆಸರುಗಳಲ್ಲಿ. ಲೂಯಿ, ಚಾರ್ಲ್ಸ್, ಪೆಪಿನ್ ಅಂತ ಅವೇ ಹೆಸರು ತಿರುಗಿ ತಿರುಗಿ ಬರುತ್ತವೆ. ಅದಕ್ಕೇ ರಾಜರನ್ನು ಪಕ್ಕಕ್ಕಿಟ್ಟು ಒಬ್ಬ ಗಡಿ ಸರದಾರನನ್ನು ಹಿಡಿದುಕೊಳ್ಳಿ. ನಾನು ಪಾಠ ಹೇಳುವಾಗ ಫ್ರಾಂಕ್ ಸಾಮ್ರಾಜ್ಯದ ದಕ್ಷಿಣ ಗಡಿಯ, ಅಂದರೆ ಇಂದಿನ ದಕ್ಷಿಣ ಫ್ರಾನ್ಸಿನ ಸೆಪ್ಟಿಮೇನಿಯಾದ ಬರ್ನಾರ್ಡ್‌ನನ್ನು ತಗೊಳ್ತೇನೆ.

ಚಾರ್ಟ್ ಬಿಡಿಸುವ ಮೊದಲು ಒಂದು ಸಲ ಬೀದರಿಗೆ ಹೋಗಿ ಬನ್ನಿ. ಗವಾನ್ ಮದರಸಾದಲ್ಲಿ ಉಳಿದಿರುವ ಒಂದೇ ಮಿನಾರಿನ ಹತ್ತಿರ ನಿಂತು ನೋಡಿ. ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಮದರಸಾ ಎದ್ದದ್ದು 1472ರಲ್ಲಿ, ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನ ತಲೆ ಉರುಳಿದ್ದು 1481ರಲ್ಲಿ. ಅವನ ಮುದ್ರೆ ಬಿದ್ದ ಖಾಲಿ ಕಾಗದದ ಮೇಲೆ ವೈರಿಗಳು ಸುಳ್ಳು ಪತ್ರ ಬರೆದರು, ಸುಲ್ತಾನ ನಂಬಿಬಿಟ್ಟ. ಈ ಕಥೆ ಕೇಳಿ ಬೆಳೆದವರಿಗೆ ಬರ್ನಾರ್ಡ್ ಹೊಸಬನೇನಲ್ಲ, ಅಲ್ವಾ?

ಈಗ ಚಾರ್ಟ್ ಪೇಪರ್ ಅಡ್ಡ ಹಾಕಿ ಎರಡು ಗೆರೆ ಎಳೆಯಿರಿ. ಮೇಲಿನದು ಅರಮನೆ, ಕೆಳಗಿನದು ಗಡಿ. ಗಡಿಯ ಗೆರೆಯನ್ನು 801ರಿಂದ ಶುರು ಮಾಡಿ. ಆ ವರ್ಷ ಫ್ರಾಂಕರು ಬಾರ್ಸಿಲೋನಾ ಗೆದ್ದರು, ಆ ದಂಡಿನಲ್ಲಿ ಬರ್ನಾರ್ಡ್‌ನ ಅಪ್ಪ ವಿಲಿಯಂ ಇದ್ದ. ಮಗ 826ರಲ್ಲಿ ಅದೇ ಊರಿನ ಕೌಂಟ್ (ರಾಜನ ಪರವಾಗಿ ಆಳುವ ಅಧಿಕಾರಿ) ಆದ. ಅದೇ ವರ್ಷ ಐಜೋ ಎಂಬವನು ದಂಗೆ ಎದ್ದ, ಮರುವರ್ಷ ಸ್ಪೇನಿನ ಮುಸ್ಲಿಂ ದೊರೆ ಕಾರ್ಡೋಬಾದ ಅಮೀರನ ಸೈನ್ಯವೂ ಅವನ ಬೆಂಬಲಕ್ಕೆ ಬಂತು. ಚಕ್ರವರ್ತಿ ಲೂಯಿ ನೆರವಿಗೆ ಕಳಿಸಿದ ಹ್ಯೂ, ಮ್ಯಾಟ್‌ಫ್ರಿಡ್ ಇಬ್ಬರೂ ದಾರಿಯಲ್ಲೇ ಕಾಲ ಕಳೆದರು. ಆದರೂ ಬಾರ್ಸಿಲೋನಾ ಬೀಳಲಿಲ್ಲ. 828ರಲ್ಲಿ ಆ ಇಬ್ಬರ ಹುದ್ದೆ ಹೋಯಿತು, 829ರಲ್ಲಿ ಬರ್ನಾರ್ಡ್ ಅರಮನೆಯ ದೊಡ್ಡ ಹುದ್ದೆಗೇರಿದ.

ಇಲ್ಲಿಂದ ಎರಡೂ ಗೆರೆಯನ್ನು ಒಟ್ಟಿಗೆ ಬರೆಯಬೇಕು, ಯಾಕೆಂದರೆ 830ರಲ್ಲಿ ಲೂಯಿಯ ಮಕ್ಕಳೇ ಅಪ್ಪನ ಮೇಲೆ ತಿರುಗಿಬಿದ್ದರು, ರಾಣಿ ಜುಡಿತ್ ಜೊತೆ ಬರ್ನಾರ್ಡ್‌ಗೆ ಸಂಬಂಧ ಇದೆ ಅಂತ ಸುದ್ದಿ ಹಬ್ಬಿತು, ಅವನು ಗಡಿಗೆ ಓಡಿದ, ಸಿಕ್ಕಿಬಿದ್ದ ಅವನ ಸೋದರನ ಕಣ್ಣು ಕೀಳಿಸಿದರು. 831ರಲ್ಲಿ ಆಣೆ ಮಾಡಿ ಅಪವಾದ ಕಳೆದುಕೊಂಡ. 832ರಲ್ಲಿ ಹುದ್ದೆ ಕಳೆದುಕೊಂಡ. ಕೆಲವು ವರ್ಷಗಳಲ್ಲಿ ಮತ್ತೆ ಮೇಲೆದ್ದ.

ಒಂದು ಮಾತು. ಪ್ರತಿ ವರ್ಷದ ಎದುರು ‘ಶೂರ’, ‘ದ್ರೋಹಿ’ ಅಂತ ಬರೆಯಬೇಡಿ. ಆ ವರ್ಷ ಅವನ ಕೈಯಲ್ಲಿ ಯಾವ ಹುದ್ದೆ ಇತ್ತು, ಯಾರು ಕೊಟ್ಟರು, ಯಾರು ಕಿತ್ತುಕೊಂಡರು, ಅಷ್ಟೇ ಬರೆಯಿರಿ. ಗಡಿ ಕಾಯುವವನಿಗೆ ಭೂಮಿಯೂ ಅಧಿಕಾರವೂ ರಾಜನಿಂದಲೇ ಬರುತ್ತಿತ್ತು. ರಾಜನ ಮನೆ ಒಡೆದಾಗ ಅವನ ಕಾಲಡಿ ನೆಲವೇ ಇರುತ್ತಿರಲಿಲ್ಲ. ಲೂಯಿ ಸತ್ತ ಮೇಲೆ ಅವನ ಮಕ್ಕಳು ತಮ್ಮತಮ್ಮಲ್ಲೇ ಕಾದಾಡಿದ 841ರ ಜೂನ್ 25ರ ಫಾಂಟನ್ವಾ ಕಾಳಗದಲ್ಲಿ ಬರ್ನಾರ್ಡ್ ಹತ್ತಿರದಲ್ಲೇ ಸೈನ್ಯ ಇಟ್ಟುಕೊಂಡು ಯಾವ ಕಡೆಗೂ ಸೇರದೆ ಕಾದ. ಲೂಯಿಯ ಕಿರಿಯ ಮಗ ಚಾರ್ಲ್ಸ್ ಗೆದ್ದ ಮೇಲೆ ತನ್ನ ಮಗ ವಿಲಿಯಂನನ್ನು ಅವನ ಬಳಿ ಕಳಿಸಿದ. 844ರಲ್ಲಿ ಅದೇ ಚಾರ್ಲ್ಸ್ ಬರ್ನಾರ್ಡ್‌ನ ತಲೆ ತೆಗೆಸಿದ.

ಮೂರನೇ ಗೆರೆಯೊಂದನ್ನು ತಪ್ಪದೆ ಎಳೆಯಿರಿ. ಅದು ಅವನ ಹೆಂಡತಿ ದುವೋಡಾದು. ನನಗೆ ಈ ಚಾರ್ಟಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಗೆರೆ ಇದು. ಅವಳು ಉಜೆಸ್ ಊರಲ್ಲಿ ಕೂತು ದೂರದ ಮಗ ವಿಲಿಯಂಗೆ ಬುದ್ಧಿಮಾತಿನ ಪುಸ್ತಕ ಬರೆದಳು. ಗಂಡನ ಗಡಿ ಕೆಲಸಕ್ಕಾಗಿ ಕ್ರೈಸ್ತರಿಂದಲೂ ಯಹೂದಿಗಳಿಂದಲೂ ಸಾಲ ತಂದಿದ್ದೇನೆ, ನಾನು ಸತ್ತ ಮೇಲೆ ತೀರಿಸು ಅಂತ ಅದರಲ್ಲಿ ಕೇಳಿಕೊಂಡಿದ್ದಾಳೆ. 841ರಲ್ಲಿ ಹುಟ್ಟಿದ ಎರಡನೇ ಮಗುವನ್ನು ನಾಮಕರಣಕ್ಕೂ ಮೊದಲೇ ಗಂಡ ತರಿಸಿಕೊಂಡಿದ್ದ. ಬರೆಯುವಾಗ ಅವಳಿಗೆ ಆ ಮಗುವಿನ ಹೆಸರೇ ಗೊತ್ತಿರಲಿಲ್ಲ. ಚಾರ್ಟಿನಲ್ಲಿ ಆ ಜಾಗ ಖಾಲಿ ಬಿಡಿ.

ವಿಲಿಯಂ 850ರಲ್ಲಿ ಬಾರ್ಸಿಲೋನಾದಲ್ಲೇ ಕೊಲೆಯಾದ. ಗಡಿಯ ಗೆರೆಯನ್ನು ಅಲ್ಲಿಗೆ ನಿಲ್ಲಿಸಿ.