ನಾಣ್ಯ ತೊಳೆಯಲು ಹೋಗಿ ನಾನು ಕಲಿತದ್ದು

ನಾನು ಕೆಡಿಸಿದ ಮೊದಲ ನಾಣ್ಯ ಈಗಲೂ ಡ್ರಾಯರ್‌ನಲ್ಲಿದೆ. ತಾಮ್ರದ್ದು. ಸಿಕ್ಕಾಗ ಹಳೇ ಮರದ ಪೆಟ್ಟಿಗೆಯಂಥ ಕಂದು ಬಣ್ಣ ಇತ್ತು. ನಾನು ಸುಮ್ನೆ ಇರಬೇಕಲ್ಲ! ಉಪ್ಪು, ನಿಂಬೆರಸ ಹಾಕಿ ಟೂತ್‌ಬ್ರಷ್‌ನಲ್ಲಿ ಗಸಗಸ ಉಜ್ಜಿದೆ. ಎರಡೇ ನಿಮಿಷಕ್ಕೆ ಫಳಫಳ ಹೊಳೆಯಿತು. ಮನೆಯಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಕೆಲವು ತಿಂಗಳಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆ, ನಡುವೆ ಒಂಥರಾ ಹಸಿಹಸಿ ಗುಲಾಬಿ ಬಣ್ಣ. 10 ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್‌ನಲ್ಲಿ ನೋಡಿದರೆ ಮೈತುಂಬ ಕೂದಲೆಳೆಯಂಥ ಗೀರು.

ಆಮೇಲೆ ಗೊತ್ತಾಯಿತು, ಆ ಕಂದು ಬಣ್ಣ ಕೊಳೆಯೇ ಅಲ್ಲ. ತಾಮ್ರ ಗಾಳಿಯ ಆಮ್ಲಜನಕದ ಜೊತೆ, ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಜೊತೆ ಸೇರಿ ನಿಧಾನಕ್ಕೆ ಕಟ್ಟಿಕೊಳ್ಳುವ ಪದರ ಅದು. ಸಂಗ್ರಹಕಾರರು ಪ್ಯಾಟಿನಾ, ಟೋನಿಂಗ್ ಅನ್ನುತ್ತಾರೆ. ಅದನ್ನು ಕಿತ್ತರೆ ನಾಣ್ಯದ ಚರ್ಮವನ್ನೇ ಸುಲಿದ ಹಾಗೆ. ಹಾಗಾಗಿ ಈಗ ಯಾವ ನಾಣ್ಯ ಕೈಗೆ ಬಂದರೂ ಮೊದಲು ನೋಡುವುದು ಒಂದೇ: ಇದು ನಾಣ್ಯಕ್ಕೆ ಅಂಟಿದ್ದಾ, ನಾಣ್ಯದ್ದೇನಾ? ನಾಣ್ಯದ್ದೇ ಆದರೆ ಮುಟ್ಟುವುದಿಲ್ಲ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಮಣ್ಣು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನ ಕ್ಲೋರಿನ್, ಲವಣ ಲೋಹಕ್ಕೆ ಆಗಿಬರುವುದಿಲ್ಲ. ಗಾಜಿನ ಬಟ್ಟಲಲ್ಲಿ ಒಂದೇ ನಾಣ್ಯ ಇಟ್ಟು ನೆನೆಹಾಕುತ್ತೇನೆ, ದಿನಾ ನೀರು ಬದಲಿಸುತ್ತೇನೆ. ಉಜ್ಜುವುದಂತೂ ಇಲ್ಲವೇ ಇಲ್ಲ. ಮಣ್ಣಿನಲ್ಲಿರುವ ಮರಳಿನ ಕಣ ಬೆಳ್ಳಿಗಿಂತ ಎಷ್ಟೋ ಗಟ್ಟಿ, ಬೆರಳಲ್ಲಿ ತಿಕ್ಕಿದರೂ ಗೀರು ಗ್ಯಾರಂಟಿ. ಒರೆಸುವಾಗಲೂ ಅಷ್ಟೇ, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ತೆಗೆಯಬೇಕು. ಹಿಡಿಯುವುದು ಅಂಚಿನಲ್ಲಿ ಮಾತ್ರ.

ನನಗೆ ಜಾಸ್ತಿ ಪಾಠ ಕಲಿಸಿದ್ದು ಒಂದು ಬೆಳ್ಳಿ ನಾಣ್ಯ. ಪಿವಿಸಿ ಅನ್ನುವ ಮೆತ್ತನೆ ಪ್ಲಾಸ್ಟಿಕ್‌ನ ಕವರ್‌ನಲ್ಲಿ ವರ್ಷಗಟ್ಟಲೆ ಇಟ್ಟಿದ್ದೆ. ತೆಗೆದಾಗ ಅಕ್ಷರಗಳ ಸಂದಿಯಲ್ಲಿ ಹಸಿರು ಜಿಗುಟು. ಕವರ್ ಹಳತಾಗಿ ಬಿಟ್ಟ ಅಂಟು ಅದು, ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ನೀರಿಗೆ ಹೋಗುವುದಿಲ್ಲ, ಅಂಥ ಅಂಟು ಕರಗಿಸುವ ಅಸಿಟೋನ್ ಅನ್ನುವ ದ್ರವ ಬೇಕು. ಉಗುರು ಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಸುವಾಸನೆ, ಎಣ್ಣೆ ಎಲ್ಲ ಬೆರೆತಿರುತ್ತದೆ. ಶುದ್ಧ ಅಸಿಟೋನ್ ತಂದೆ. ತಂದವನು ಪ್ಲಾಸ್ಟಿಕ್ ಲೋಟಕ್ಕೆ ಸುರಿದೆ! ಸ್ವಲ್ಪ ಹೊತ್ತಿಗೆ ಲೋಟದ ತಳ ಮೆತ್ತಗಾಗಿ ಕರಗಿ, ನಾಣ್ಯಕ್ಕೆ ಹಸಿರಿನ ಜೊತೆ ಬಿಳಿ ಅಂಟೂ ಸೇರಿತು.

ಗಾಜಿನ ಬಟ್ಟಲಿಗೆ ಬದಲಿಸಿದೆ. ಕಿಟಕಿ ತೆರೆದೆ, ಹತ್ತಿರ ಬೆಂಕಿಯ ಸುಳಿವೇ ಇಲ್ಲದ ಹಾಗೆ ನೋಡಿಕೊಂಡೆ. ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಮೇಲೊಂದು ಗಾಜಿನ ಮುಚ್ಚಳ. ಮೊದಲ ಸಲ ಅಸಿಟೋನ್‌ಗೆ ತೆಳು ಹಸಿರು ಬಣ್ಣ ಬಂತು. ಚೆಲ್ಲಿ ಹೊಸದು ಹಾಕಿದೆ. ಮೂರನೇ ಸಲ ತಿಳಿಯಾಗೇ ಉಳಿಯಿತು. ಎತ್ತಿ ಹಿಡಿದರೆ ಕ್ಷಣದಲ್ಲಿ ತಾನಾಗಿ ಒಣಗಿತು. ಬೆಳ್ಳಿಯ ಬೂದು ಬಣ್ಣ ಹಾಗೇ ಇತ್ತು, ಅಂಟು ಮಾತ್ರ ಹೋಗಿತ್ತು.

ಅದ್ದಿ ತೆಗೆದರೆ ಬೆಳ್ಳಿಯ ಕಪ್ಪು ಹೋಗಿಸುವ ಡಿಪ್ ದ್ರಾವಣವನ್ನೂ ಇನ್ನೊಂದು ಬೆಳ್ಳಿ ನಾಣ್ಯದ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಅದ್ದುವ ಮೊದಲು ದೀಪದ ಕೆಳಗೆ ತಿರುಗಿಸಿದರೆ ಅದರ ಮೇಲೆ ಬೆಳಕಿನ ಪಟ್ಟಿ ಚಕ್ರದ ಅರಗಳ ಹಾಗೆ ಸುತ್ತುತ್ತಿತ್ತು. ಟಂಕಿಸುವಾಗ ಲೋಹ ಒತ್ತಡಕ್ಕೆ ಹರಡಿ ಮೂಡಿದ ಸೂಕ್ಷ್ಮ ಗೆರೆಗಳ ಆಟ ಅದು. ಡಿಪ್‌ನ ಆಮ್ಲ ಕಪ್ಪಿನ ಜೊತೆ ಆ ಗೆರೆಗಳನ್ನೂ ತಿಂದಿತು. ಈಗ ಸುಣ್ಣ ಬಳಿದ ಗೋಡೆ ಹಾಗಿದೆ.

ತಾಮ್ರ, ಕಂಚಿನ ಮೇಲೆ ಗಟ್ಟಿ ಕಡು ಹಸಿರು ಇದ್ದರೆ ನನಗೆ ಚಿಂತೆಯಿಲ್ಲ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ, ಕೆದಕಿದರೂ ಮತ್ತೆ ಬರುತ್ತಿದ್ದರೆ, ಅದು ಕಂಚಿನ ರೋಗ. ಉಪ್ಪಿನಲ್ಲಿರುವಂಥ ಕ್ಲೋರೈಡು, ತೇವ ಎರಡೂ ಸೇರಿದರೆ ಶುರು. ಅಂಥದ್ದನ್ನು ಬೇರೆ ಮಾಡಿ ಒಣಗಿದ ಡಬ್ಬಿಯಲ್ಲಿಟ್ಟು, ಸಂರಕ್ಷಣೆ ಬಲ್ಲವರಿಗೆ ಒಪ್ಪಿಸುತ್ತೇನೆ.

ಹಸಿರು ಅಂಟಿದ್ದ ಆ ಬೆಳ್ಳಿ ನಾಣ್ಯ ಈಗ ಮೈಲಾರ್ ಅನ್ನುವ, ಪಿವಿಸಿ ಇಲ್ಲದ ಪ್ಲಾಸ್ಟಿಕ್‌ನ ಕವರ್‌ನಲ್ಲಿದೆ. ಲೂಪ್ ಹಿಡಿದರೆ ಹಸಿರಿದ್ದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಎರಡು ವರ್ಷ ಮೊದಲೇ ಕವರ್ ಬದಲಿಸಿದ್ದರೆ ಅವೂ ಇರುತ್ತಿರಲಿಲ್ಲವೇನೋ.