ಸೊಪ್ಪು ಅಂದರೆ ಉಪ್ಪು ಕೇಳಿಸ್ತಿದೆಯಾ? ನಿಮ್ಮ ಕಿವಿಯ ಲೆಕ್ಕ ನೀವೇ ಹಾಕಿ

ಬೇಲೂರು ಹತ್ತಿರದ ನಮ್ಮ ದೊಡ್ಡಪ್ಪನ ಮನೆಯಲ್ಲಿ ನಡೆದದ್ದು ಇದು. ದೊಡ್ಡಮ್ಮ ಒಲೆ ಮುಂದೆ ನಿಂತು, 'ರೀ, ಒಂಚೂರು ಸೊಪ್ಪು ತನ್ನಿ' ಅಂದರು. ದೊಡ್ಡಪ್ಪ ಉಗ್ರಾಣಕ್ಕೆ ಹೋಗಿ ಉಪ್ಪಿನ ಪ್ಯಾಕೆಟ್ ತಂದಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಯೋಚಿಸಿದರೆ ಅದು ನಗುವ ವಿಷಯವೇ ಅಲ್ಲ. 'ಸೊಪ್ಪು' ಅನ್ನುವುದರಲ್ಲಿ 'ಸ' ಬಿಟ್ಟರೆ ಉಳಿಯುವುದು 'ಒಪ್ಪು'. ಅಡುಗೆಮನೆಯಿಂದ ಬಂದ ಮಾತು ಅಂದಮೇಲೆ ಅದು ಉಪ್ಪಾಗದೆ ಇನ್ನೇನಾಗುತ್ತೆ? ಸ, ಶ, ತ, ಕ ಇವೆಲ್ಲ ಸಣ್ಣ, ಚೂಪು ಸದ್ದುಗಳು. ಕಿವಿ ಸೋಲುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಇವೇ. ಅ, ಆ, ಒ ಎಂಬ ದಪ್ಪ ಸದ್ದುಗಳು ಹಾಗೇ ಉಳಿಯುತ್ತವೆ. ಅದಕ್ಕೇ ಇಂಥವರು 'ಕೇಳಿಸುತ್ತೆ, ಆದರೆ ಏನು ಅಂತ ತಿಳಿಯಲ್ಲ' ಅನ್ನುತ್ತಾರೆ.

ದೊಡ್ಡಪ್ಪನಿಗೆ ಈಗ 58. 'ವಯಸ್ಸಾಯ್ತಲ್ಲ' ಅಂತ ಮನೆಯವರೇ ತೀರ್ಪು ಕೊಟ್ಟಿದ್ದರು. ಅದು ಅರ್ಧ ಸತ್ಯ ಅಷ್ಟೇ. ಇಪ್ಪತ್ತಾರು ಕೊಯ್ಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಪಕ್ಕದಲ್ಲಿ ನಿಂತದ್ದು, ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಬಿಡದ ಬೀಡಿ, ಇವನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಲೆಕ್ಕ ಹಾಕುವುದು ಹೇಗೆ ಅಂತ ಈಗ ನೋಡೋಣ.

ಮೊದಲು ಮನೆಯಲ್ಲೇ ಒಂದು ಪಿಸುಮಾತು

ಡಾಕ್ಟರುಗಳೇ ಬಳಸುವ ಸುಲಭದ ಪರೀಕ್ಷೆ ಇದು. ಟಿವಿ, ಫ್ಯಾನು ಆರಿಸಿ. ಪರೀಕ್ಷೆ ಮಾಡಿಸಿಕೊಳ್ಳುವವರನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಒಂದು ಕೈ ಅಳತೆ ಹಿಂದೆ ನಿಲ್ಲಿ. ಮುಂದೆ ನಿಂತರೆ ತುಟಿ ನೋಡಿಯೇ ಊಹಿಸಿಬಿಡುತ್ತಾರೆ. ಒಂದು ಕಿವಿಯ ಬಾಗಿಲಲ್ಲಿರುವ ಪುಟ್ಟ ಗುಬುಟನ್ನು ಅವರೇ ಬೆರಳಿಂದ ಒತ್ತಿ ಉಜ್ಜುತ್ತಿರಲಿ. ನೀವು ಉಸಿರು ಪೂರ್ತಿ ಬಿಟ್ಟು, ಆಮೇಲೆ ಪಿಸುಗುಟ್ಟಿ: 'ಆರು, ಕ, ಎರಡು'. ಸರಿಯಾಗಿ ಹೇಳಿದರೆ ತೆರೆದಿರುವ ಕಿವಿ ಪಾಸು. ತಪ್ಪಿದರೆ ಬೇರೆ ಮೂರು ಹೇಳಿ. ಒಟ್ಟು ಆರರಲ್ಲಿ ಮೂರೂ ಸರಿ ಬರಲಿಲ್ಲ ಅಂದರೆ ಆ ಕಿವಿಯನ್ನು ಆಸ್ಪತ್ರೆಯಲ್ಲಿ ತೋರಿಸಲೇಬೇಕು. ಆಮೇಲೆ ಇನ್ನೊಂದು ಕಿವಿ.

ದೊಡ್ಡಪ್ಪ ಎಡಗಿವಿಯಲ್ಲಿ ಪಾಸು. ಬಲಗಿವಿಯಲ್ಲಿ ಆರಕ್ಕೆ ಒಂದು.

ಸದ್ದಿನ ಲೆಕ್ಕ

ಒಂದು ಹಾಳೆ ತಗೊಂಡು ನಿಮ್ಮ ವಾರದಲ್ಲಿ ಎಷ್ಟು ಹೊತ್ತು ಯಾವ ಸದ್ದಿನಲ್ಲಿ ಇರುತ್ತೀರಿ ಅಂತ ಬರೆಯಿರಿ. ಅಳೆಯುವ ಮೆಷಿನ್ ಬೇಡ. ಕೈ ಅಳತೆ ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾಗುತ್ತಾ? ಹಾಗಾದರೆ ಅಲ್ಲಿ 85 ಡೆಸಿಬಲ್ ಆಸುಪಾಸು ಇದೆ ಅಂತ ಬರೆದುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಇದರಲ್ಲಿ ಒಂದು ಗುಟ್ಟಿದೆ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಅಂದರೆ ನಿಮಗೆ ಸಿಗುವ ಹೊತ್ತು ಅರ್ಧ. 83 ಆದರೆ 20 ಗಂಟೆ. 90 ಆದರೆ 4 ಗಂಟೆ. 100 ಆದರೆ ಬರೀ 20 ನಿಮಿಷ. ದಿನಕ್ಕಲ್ಲ, ವಾರಕ್ಕೆ!

ಮರಗಸಿ ಮಾಡುವಾಗ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ, ಹಿಡಿಯುವ ಪೆಟ್ರೋಲ್ ಗರಗಸ 100 ದಾಟುತ್ತದೆ. ಬೆಳಗ್ಗೆ ಎಂಟಕ್ಕೆ ಶುರು ಮಾಡಿದವರ ವಾರದ ಪಾಲು, ಮೊದಲ ಮರ ಇಳಿಸುವಷ್ಟರಲ್ಲೇ ಮುಗಿದಿರುತ್ತದೆ. ಕಳೆ ಹೊಡೆಯುವ ಮೆಷಿನ್, ಡೀಸೆಲ್ ಇಂಜಿನ್ನಿನ ಪಲ್ಪರ್, ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್, ಹಲ್ಲರ್, ಹಿಟ್ಟಿನ ಗಿರಣಿ, ಟಿಲ್ಲರ್, ಇವೆಲ್ಲ ಪಟ್ಟಿಗೆ ಬರಲಿ. ಬೈಕಿನಲ್ಲಿ ಜೋರಾಗಿ ಹೋಗುವಾಗ ಕಿವಿಗೆ ಬಡಿಯುವ ಗಾಳಿಯೂ ಬರಲಿ. ಹೆಲ್ಮೆಟ್ ತಲೆ ಕಾಯುತ್ತದೆ, ಗಾಳಿ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಇನ್ನೊಂದನ್ನು ಸೇರಿಸಬೇಕು: ಆನೆ ಓಡಿಸುವ ಪಟಾಕಿ. ನಮ್ಮ ದೇಶದ ನಿಯಮದಲ್ಲಿ ಪಟಾಕಿ ಸದ್ದಿನ ಮಿತಿ 125 ಡೆಸಿಬಲ್. ಅದೂ 4 ಮೀಟರ್ ದೂರದಲ್ಲಿ ಅಳೆದಾಗ. ರಾತ್ರಿ ತೋಟದಲ್ಲಿ ಆನೆ ಎದುರು ನಿಂತವರು ನಾಲ್ಕು ಮೀಟರ್ ಲೆಕ್ಕ ಹಾಕುತ್ತಾರಾ? ಇಂಥ ಸದ್ದಿಗೆ ವರ್ಷಗಟ್ಟಲೆ ಬೇಕಾಗಿಲ್ಲ, ಒಂದೇ ಏಟು ಸಾಕು. ಆಮೇಲೆ ಕಿವಿಯಲ್ಲಿ ಗುಂಯ್ ಅಂದರೆ 'ಬೆಳಗಾದರೆ ಸರಿಹೋಗುತ್ತೆ' ಅಂತ ಮಲಗುತ್ತೇವೆ. ಸರಿಹೋದ ಹಾಗೆ ಅನಿಸುತ್ತದೆ ಕೂಡ. ಆದರೆ ಒಳಗಿವಿಯಲ್ಲಿ ಇರುವುದು ಹದಿನೈದು ಸಾವಿರ ಚಿಲ್ಲರೆ ಕೂದಲ ಕೋಶಗಳು. ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

ಇನ್ನು ತಡೆಯುವುದು ಹೇಗೆ? ಹತ್ತಿ ತುರುಕಿಕೊಳ್ಳುವುದು ಸುಮ್ನೆ ಸಮಾಧಾನಕ್ಕೆ. ಟವೆಲ್ ಸುತ್ತಿಕೊಳ್ಳುವುದೂ ಅಷ್ಟೇ. ಬೇಕಾದ್ದು ಸ್ಪಂಜಿನ ಇಯರ್ ಪ್ಲಗ್. ಅದನ್ನೂ ಹೆಚ್ಚಿನವರು ತಪ್ಪಾಗಿ ಹಾಕುತ್ತಾರೆ. ಕೈ ತೊಳೆದುಕೊಂಡು, ಪ್ಲಗ್ಗನ್ನು ಹೂಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳದಾರಿ ನೆಟ್ಟಗಾಗುತ್ತದೆ. ಒಳಗೆ ತಳ್ಳಿ, ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ, ಅದು ಉಬ್ಬಿ ಕೂರುತ್ತದೆ. ನಿಮ್ಮ ಮಾತು ನಿಮಗೇ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ ಅಂತ. ಗರಗಸ ಹಿಡಿಯುವವರಿಗೆ ಅದರ ಮೇಲೆ ಇಯರ್ ಮಫ್ ಕೂಡ ಇರಲಿ.

ಇಲ್ಲಿ ಒಂದು ಮಾತು ಹೇಳದೆ ಹೋಗಲಾರೆ. ಗರಗಸ ಹಿಡಿಯುವವನು ತೋಟದ ಮಾಲೀಕ ಅಲ್ಲ, ದಿನಗೂಲಿಯವನು. ಕಿವಿ ಹೋದರೆ ಅವನ ಕೆಲಸವೂ ಹೋಗುತ್ತದೆ, ತೋರಿಸಿಕೊಳ್ಳಲು ಒಂದು ದಿನದ ಕೂಲಿಯೂ ಹೋಗುತ್ತದೆ. ಓದು ಕಡಿಮೆ, ಸಂಪಾದನೆ ಕಡಿಮೆ ಇದ್ದವರಲ್ಲೇ ಕಿವುಡು ಜಾಸ್ತಿ ಅಂತ ಬೇರೆ ಬೇರೆ ದೇಶದ ಅಧ್ಯಯನಗಳು ತೋರಿಸಿರುವುದು ಸುಮ್ಮನೆ ಅಲ್ಲ. ಪ್ಲಗ್ಗಿನ ಖರ್ಚು ತೋಟದ ಖಾತೆಗೇ ಬರೆಯಿರಿ.

ಹಬ್ಬದ ಡಿಜೆ ಬಗ್ಗೆ ಜಗಳ ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ನಿಯಮ ಇದೆ. ನೀವು ಮಾತ್ರ ಆ ಬಾಕ್ಸಿನ ಮುಂದೆ ಕುಣಿಯಬೇಡಿ, ಹತ್ತು ಮಾರು ಹಿಂದೆ ಕುಣಿಯಿರಿ.

ಸಕ್ಕರೆ, ಬಿಪಿ, ಬೀಡಿ

ಕಿವಿಗೂ ಸಕ್ಕರೆಗೂ ಏನು ಸಂಬಂಧ ಅಂತ ದೊಡ್ಡಪ್ಪ ಕೇಳಿದ್ದರು. ಒಳಗಿವಿಗೆ ರಕ್ತ ಹೋಗುವುದು ಕೂದಲೆಳೆಯಂಥ ನಾಳಗಳಲ್ಲಿ. ಸಕ್ಕರೆ ಕಾಯಿಲೆ ಕಣ್ಣಿನ, ಕಿಡ್ನಿಯ ಸಣ್ಣ ನಾಳಗಳನ್ನು ಹಾಳು ಮಾಡುವ ಹಾಗೇ ಇವನ್ನೂ ಹಾಳು ಮಾಡುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಿವಿ ಮಂದ ಆಗಿದ್ದದ್ದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಬಿಪಿ ಕಥೆಯೂ ಹೆಚ್ಚುಕಡಿಮೆ ಇದೇ. ಬೀಡಿ, ಸಿಗರೇಟು ಆ ನಾಳಗಳನ್ನು ಇನ್ನಷ್ಟು ಬಿಗಿ ಮಾಡುತ್ತವೆ. ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೀರಲ್ವಾ, ಅದೇ ದಿನ ಕಿವಿಯನ್ನೂ ತೋರಿಸಿ.

ಔಷಧಿ ಚೀಟಿ ತೆಗೆಯಿರಿ

ಕೆಲವು ಔಷಧಿ ಕಿವಿಗೆ ಪೆಟ್ಟು ಕೊಡುತ್ತವೆ: ಜೆಂಟಾಮೈಸಿನ್, ಅಮಿಕಾಸಿನ್, ಟಿಬಿಗೆ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್. ಕಿಡ್ನಿ ಸೋತವರಿಗೆ ಅಪಾಯ ಜಾಸ್ತಿ. ನೀವಾಗಿ ಔಷಧಿ ನಿಲ್ಲಿಸಬೇಡಿ, ಜೀವ ಮೊದಲು. 'ಕಿವಿ ಮೊದಲೇ ಮಂದ ಇದೆ' ಅಂತ ಡಾಕ್ಟರಿಗೆ ಹೇಳಿ, ಅಷ್ಟೇ. ಗ್ಯಾರೇಜಿನಲ್ಲಿ ಪೇಂಟು, ಥಿನ್ನರ್ ಜೊತೆ ಕೆಲಸ ಮಾಡುವವರೂ ಹೇಳಬೇಕು. ಆ ಆವಿಯೂ ಗದ್ದಲವೂ ಸೇರಿದರೆ ಪೆಟ್ಟು ಇನ್ನೂ ಜೋರು.

ಕಿವಿಗೆ ಎಣ್ಣೆ?

ಬೇಡ. ನಾನೇ ಅನುಭವಿಸಿದ್ದೇನೆ. ಒಂದು ಮಳೆಗಾಲ ಕಿವಿ ಕಡಿಯಿತು ಅಂತ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೆ. ವಾರದಲ್ಲಿ ಬೂಷ್ಟು ಹಿಡಿಯಿತು. ಮಲೆನಾಡಿನ ಥಂಡಿಗೆ ಹೊರಗೆ ಚಪ್ಪಲಿಗೇ ಬೂಷ್ಟು ಬರುವಾಗ ಎಣ್ಣೆ ಬಿಟ್ಟ ಕಿವಿಗೆ ಬರದೆ ಇರುತ್ತಾ? ಹೇರ್‌ಪಿನ್ನು, ಬೆಂಕಿಕಡ್ಡಿ, ಬಡ್ಸ್ ಯಾವುದೂ ಬೇಡ. ಗುಗ್ಗೆ ತಾನಾಗೇ ಹೊರಗೆ ಬರುತ್ತದೆ, ಕಡ್ಡಿ ಅದನ್ನು ಒಳಗೆ ತಳ್ಳುತ್ತದೆ. ಕಿವಿ ಸೋರುತ್ತಿದ್ದರೆ ತಮಟೆ ತೂತಾಗಿರಬಹುದು, ತೋರಿಸಿ.

ಒಂದೇ ರಾತ್ರಿಯಲ್ಲಿ ಮುಚ್ಚಿದರೆ ಕಾಯಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಬೆಳಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಮುಚ್ಚಿಕೊಂಡಿದೆ. ನೋವಿಲ್ಲ. ಗುಗ್ಗೆ ಇರಬೇಕು, ಥಂಡಿ ಇರಬೇಕು ಅಂತ ಎರಡು ವಾರ ಬಿಡುತ್ತೀರಿ. ಅದು ನರದ ತೊಂದರೆ ಆಗಿದ್ದರೆ ಸ್ಟಿರಾಯ್ಡ್ ಚಿಕಿತ್ಸೆಗೆ ಒಳ್ಳೆಯ ಫಲ ಸಿಗುವ ಹೊತ್ತು ಅಷ್ಟರಲ್ಲಿ ಬಹುಪಾಲು ಜಾರಿ ಹೋಗಿರುತ್ತದೆ. ಎರಡು ಮೂರು ದಿನದೊಳಗೆ ಇಎನ್‌ಟಿ ಡಾಕ್ಟರ ಮುಂದೆ ಇರಬೇಕು. ಮನೆಯಲ್ಲೇ ಸುಳಿವು ಬೇಕಾ? ಬಾಯಿ ಮುಚ್ಚಿ 'ಮ್‌ಮ್‌ಮ್' ಅನ್ನಿ. ಸದ್ದು ಮುಚ್ಚಿದ ಕಿವಿಯಲ್ಲಿ ಜಾಸ್ತಿ ಕೇಳಿಸಿದರೆ ಗುಗ್ಗೆಯೋ ನೀರೋ ಇರಬಹುದು. ಚೆನ್ನಾಗಿರುವ ಕಿವಿ ಕಡೆ ವಾಲಿದರೆ ನರದ್ದಿರಬಹುದು, ಅವತ್ತೇ ಬಸ್ ಹತ್ತಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿಯುವಾಗ ಮುಚ್ಚಿ, ಎಂಜಲು ನುಂಗಿದರೆ ಬಿಡುವುದು ಇದಲ್ಲ, ಅದಕ್ಕೆ ಹೆದರಬೇಡಿ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಇನ್ನೂ ವಿವರವಾಗಿ ನೋಡಿಸಬೇಕು ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಾಸನದಿಂದ ರೈಲಿದೆ. 'ಆಡಿಯೋಗ್ರಾಮ್ ಮಾಡಿಸಬೇಕು' ಅಂತ ಬಾಯಿ ಬಿಟ್ಟು ಕೇಳಿ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಅನ್ನುತ್ತಾರೆ. ಬರುವ ಗೆರೆ 4000 ಹರ್ಟ್ಸ್ ಎಂಬ ಚೂಪು ಸದ್ದಿನ ಹತ್ತಿರ ಹಳ್ಳಕ್ಕೆ ಬಿದ್ದು ಮತ್ತೆ ಮೇಲೆದ್ದರೆ ಅದು ಹೆಚ್ಚಾಗಿ ಗದ್ದಲದ ಗುರುತು. ದೊಡ್ಡಪ್ಪನ ಬಲಗಿವಿಯ ಗೆರೆ ಹಾಗೇ ಇತ್ತು.

ಕಿವಿ ಮೆಷಿನ್ ಬರೆದುಕೊಟ್ಟರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಬಗ್ಗೆ ವಿಚಾರಿಸಿ. ಆದಾಯ ಕಡಿಮೆ ಇರುವ ಅರ್ಹರಿಗೆ ಸಹಾಯ ಸಿಗುತ್ತದೆ. ಮೆಷಿನ್ ಬಂದ ಮೊದಲ ದಿನವೇ ಸಂತೆಗೆ ಹಾಕಿಕೊಂಡು ಹೋಗಬೇಡಿ. ಮನೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ, ಮಿದುಳು ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ನಮ್ಮ ಕಡೆ ಮೆಷಿನ್ ಕೆಡಲು ಮುಖ್ಯ ಕಾರಣವೇ ಥಂಡಿ.

ಮನೆಯವರು ಏನು ಮಾಡಬೇಕು

'ಕೆಪ್ಪ' ಅನ್ನುವ ಒಂದು ಮಾತಿಗೆ ಹೆದರಿಯೇ ಎಷ್ಟೋ ಜನ ಮೆಷಿನ್ ಡ್ರಾಯರಿನಲ್ಲಿಟ್ಟಿರುತ್ತಾರೆ. ಆಮೇಲೆ ಸೊಸೈಟಿ ಮೀಟಿಂಗ್ ಬಿಡುತ್ತಾರೆ, ಮದುವೆ ಮನೆಯಲ್ಲಿ ಮೂಲೆ ಹಿಡಿಯುತ್ತಾರೆ, ಒಂಟಿಯಾಗುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ ತಡೆಯಬಹುದಾದ 14 ಕಾರಣಗಳಲ್ಲಿ ಕಿವುಡಿನದು ದೊಡ್ಡ ಪಾಲು.

ಜೋರಾಗಿ ಅರಚಬೇಡಿ. ಮಿಕ್ಸಿ ಆರಿಸಿ, ಎದುರು ಬಂದು, ಮುಖಕ್ಕೆ ಬೆಳಕು ಬೀಳುವ ಹಾಗೆ ನಿಂತು ಮಾತಾಡಿ. ಒಂದು ಸಲ ತಿಳಿಯದಿದ್ದರೆ ಅದನ್ನೇ ಕೂಗುವ ಬದಲು ಬೇರೆ ಪದ ಹಾಕಿ. ದೊಡ್ಡಮ್ಮ ಈಗ 'ಸೊಪ್ಪು' ಅನ್ನಲ್ಲ, 'ದಂಟು ಕಿತ್ಕೊಂಡು ಬನ್ನಿ' ಅನ್ನುತ್ತಾರೆ. 'ಏನಿಲ್ಲ ಬಿಡಿ' ಅನ್ನುವುದನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ.

ನವೆಂಬರಿನಲ್ಲಿ ಹಣ್ಣು ಕೊಯ್ಲು ಶುರುವಾಗುವ ಮೊದಲು ಒಮ್ಮೆ ಆಡಿಯೋಗ್ರಾಮ್ ಮಾಡಿಸಿ, ಆ ಹಾಳೆಯನ್ನು ಪಹಣಿ ಇಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಡಿ. ಮುಂದಿನ ವರ್ಷ ಮತ್ತೆ ಮಾಡಿಸಿದಾಗ ಎರಡೂ ಗೆರೆ ಪಕ್ಕಪಕ್ಕ ಹಿಡಿದು ನೋಡಲು ಬೇಕಾಗುತ್ತದೆ.