ಕಾರ್ಬುರೇಟರ್ ಮುಟ್ಟುವ ಮುಂಚೆ

ನನ್ನದು 1959ರ ಮಾರಿಸ್ ಮೈನರ್ ಕಾರು. 948 ಸಿಸಿ ಎ-ಸೀರೀಸ್ ಎಂಜಿನ್, ಒಂದೇ ಎಸ್‌ಯು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ). ಐಡ್ಲಿಂಗ್ ಚೆನ್ನಾಗಿತ್ತು. ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಮಿಸ್ಸಿಂಗ್ (ಎಂಜಿನ್ ನಡುನಡುವೆ ಉರಿ ತಪ್ಪುವುದು) ಶುರುವಾಗುತ್ತಿತ್ತು, ಗಾಡಿ ಜರ್ಕ್ ಹೊಡೆಯುತ್ತಿತ್ತು. ಏರಿನಲ್ಲಿ ಪೂರ್ತಿ ಒತ್ತಿದರೆ ಮತ್ತೆ ಸರಿಹೋಗುತ್ತಿತ್ತು.

ಇಂಥದ್ದು ಕಂಡರೆ ಕೈ ಮೊದಲು ಕಾರ್ಬುರೇಟರ್ ಕಡೆಗೇ ಹೋಗುತ್ತದೆ, ಅಲ್ವಾ? ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ), ಟ್ಯಾಪೆಟ್ (ವಾಲ್ವ್ ಗ್ಯಾಪ್), ಕಿಡಿ ಈ ಮೂರೂ ಸರಿ ಇದ್ದಾಗಲೇ ಕಾರ್ಬುರೇಟರ್ ಸೆಟ್ಟಿಂಗ್‌ಗೆ ಅರ್ಥ. ಇಲ್ಲದಿದ್ದರೆ ಒಂದು ದೋಷವನ್ನು ಮುಚ್ಚಲು ಹೋಗಿ ಇನ್ನೊಂದನ್ನು ಸೇರಿಸಿದಂತಾಗುತ್ತದೆ.

ಕಂಪ್ರೆಷನ್ ನೋಡುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಪ್ಲಗ್ ತೂತಿಗೆ ಗೇಜ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಬೇಕು. ಗೇಜ್ ಎಷ್ಟು ತೋರಿಸುತ್ತದೆ ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. ಒಂದರಲ್ಲಿ ಕಡಿಮೆ ಇದ್ದರೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡರಲ್ಲೂ ಕಡಿಮೆ ಇದ್ದರೆ ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ನನ್ನ ಎಂಜಿನ್‌ನಲ್ಲಿ ನಾಲ್ಕೂ ಹತ್ತಿರ ಹತ್ತಿರ ಇದ್ದವು. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ 0.012 ಇಂಚು. ಅದೂ ಸರಿ ಇತ್ತು.

ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿದೆ. ನಾಲ್ಕಕ್ಕೂ ಒಂದೇ ತಿಳಿ ಕಂದು ಬಣ್ಣ. ಈ ಎಂಜಿನ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗೆ ಒಂದೇ ಇನ್ಲೆಟ್ ದಾರಿ, 3 ಮತ್ತು 4ಕ್ಕೆ ಇನ್ನೊಂದು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಒಂದು ಕಡೆ ಗಾಳಿ ಎಳೆಯುತ್ತಿದ್ದರೆ ಆ ಜೋಡಿ ಪ್ಲಗ್ ಮಾತ್ರ ಬಿಳಿಚಿಕೊಂಡಿರುತ್ತಿದ್ದವು. ಅಲ್ಲದೆ ಗಾಳಿ ಲೀಕ್ ಐಡ್ಲಿಂಗ್‌ನಲ್ಲೇ ಹೆಚ್ಚು ಕಾಡುತ್ತದೆ. ಹಾಗಾಗಿ ಅದನ್ನು ಪಟ್ಟಿಯಿಂದ ತೆಗೆದೆ. ದೋಷ ಇರುವುದು ನಾಲ್ಕೂ ಸಿಲಿಂಡರ್‌ಗೆ ಸೇರಿದ ಯಾವುದೋ ಭಾಗದಲ್ಲಿ.

ಇಲ್ಲಿ ಸ್ಪ್ಯಾನರ್ ಕೆಳಗಿಟ್ಟು ಯೋಚನೆ ಮಾಡಿದೆ. ಐಡ್ಲಿಂಗ್‌ನಲ್ಲಿ ಇಲ್ಲದ್ದು, ಹಗುರವಾಗಿ ಒತ್ತಿದಾಗ ಬರುವಂಥದ್ದು, ಪೂರ್ತಿ ಒತ್ತಿದರೆ ಹೋಗುವಂಥದ್ದು ಯಾವುದು? ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹೋಗುವ ವ್ಯಾಕ್ಯೂಮ್, ಅಂದರೆ ಗಾಳಿಯ ಎಳೆತ. ಅದರ ಸಣ್ಣ ಪೈಪ್ ಕಾರ್ಬುರೇಟರ್‌ನ ಥ್ರಾಟಲ್ ತಟ್ಟೆಯ (ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ತಟ್ಟೆ) ಅಂಚಿನಿಂದ ಹೊರಡುತ್ತದೆ. ತಟ್ಟೆ ಮುಚ್ಚಿದ್ದಾಗ ಎಳೆತ ಇಲ್ಲ, ಸ್ವಲ್ಪ ತೆರೆದಾಗ ಜೋರು, ಪೂರ್ತಿ ತೆರೆದಾಗ ಮತ್ತೆ ಇಳಿಯುತ್ತದೆ. ಆ ಎಳೆತಕ್ಕೆ ಪಾಯಿಂಟ್ಸ್ (ಕಿಡಿ ಹುಟ್ಟಿಸುವ ಸ್ವಿಚ್) ಕೂತಿರುವ ಪ್ಲೇಟ್ ತಿರುಗಿ ಕಿಡಿ ಮುಂಚೆ ಬರುತ್ತದೆ.

ಪೈಪ್ ಕಳಚಿ, ಕಾರ್ಬುರೇಟರ್ ಕಡೆಯ ತೂತು ಮುಚ್ಚಿ ಗಾಡಿ ಓಡಿಸಿದೆ. ಮಿಸ್ಸಿಂಗ್ ಪೂರ್ತಿ ಮಾಯ! ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆ. ಪಾಯಿಂಟ್ಸ್ ಗ್ಯಾಪ್ 0.015 ಇಂಚು, ಸರಿಯಾಗಿಯೇ ಇತ್ತು. ಪೈಪ್‌ನ ತುದಿಯನ್ನು ಬಾಯಲ್ಲಿಟ್ಟು ಗಾಳಿ ಎಳೆದೆ. ಪ್ಲೇಟ್ ತಿರುಗಿ ಹಾಗೇ ನಿಂತಿತು, ಅಂದರೆ ಡಯಾಫ್ರಾಮ್ (ಎಳೆತಕ್ಕೆ ಪ್ಲೇಟ್ ತಿರುಗಿಸುವ ಪೊರೆ) ಹರಿದಿಲ್ಲ. ಈ ಪ್ಲೇಟ್‌ಗೆ ಅರ್ತ್ (ಕರೆಂಟ್ ವಾಪಸ್ ಹೋಗುವ ದಾರಿ) ಸಿಗುವುದು ಬಟ್ಟೆ ಹೊದಿಸಿದ ಒಂದು ಗಿಡ್ಡ ವೈರ್‌ನಿಂದ. ಇಗ್ನಿಷನ್ ಆಫ್ ಇರುವಾಗಲೇ ಮಲ್ಟಿಮೀಟರ್‌ನ ಒಂದು ಕಡ್ಡಿ ಪ್ಲೇಟ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಮೈಗೆ ಹಿಡಿದೆ. ಪ್ಲೇಟ್ ಸುಮ್ನೆ ಇದ್ದಾಗ ಸೊನ್ನೆಯ ಹತ್ತಿರ. ಗಾಳಿ ಎಳೆದ ಕೂಡಲೇ ಅಂಕಿ ಕುಣಿಯತೊಡಗಿತು. ಹೊರಗಿಂದ ವೈರ್ ನೆಟ್ಟಗೇ ಕಾಣುತ್ತಿತ್ತು. ಬಾಗಿ ಬಾಗಿ ಒಳಗಿನ ಎಳೆಗಳು ತುಂಡಾಗಿದ್ದವು. ಅರ್ತ್ ಹೀಗೆ ಬಿಟ್ಟು ಬಿಟ್ಟು ಸಿಕ್ಕರೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್‌ನ ಕರೆಂಟ್ ಬೇಡದ ಹೊತ್ತಲ್ಲಿ ಕಟ್ ಆಗುತ್ತದೆ, ಕಿಡಿಯ ಲೆಕ್ಕ ತಪ್ಪುತ್ತದೆ.

ಹೊಸ ವೈರ್‌ಗೆ ತುಂಬ ಸಣ್ಣ ಎಳೆಗಳ, ಮೆತ್ತಗೆ ಬಾಗುವ ತಂತಿಯೇ ಬೇಕು. ಗಟ್ಟಿ ವೈರ್ ಹಾಕಿದರೆ ಪ್ಲೇಟ್ ಸಲೀಸಾಗಿ ತಿರುಗುವುದಿಲ್ಲ, ಬೇಗ ಮತ್ತೆ ಮುರಿಯುತ್ತದೆ. ಬೆಸುಗೆ ತುದಿಯಲ್ಲಷ್ಟೇ ಇರಲಿ. ಒಳಕ್ಕೆ ಹರಿದರೆ ಆ ಜಾಗ ಗಟ್ಟಿಯಾಗಿ ಅಲ್ಲೇ ತುಂಡಾಗುತ್ತದೆ.

ಕೊನೆಗೆ ಕಾರ್ಬುರೇಟರ್. ಎಂಜಿನ್ ಓಡುತ್ತಿರುವಾಗಲೇ ಅದರ ಒಳಗಿನ ಪಿಸ್ಟನ್ ಅನ್ನು (ಸಿಲಿಂಡರ್‌ನದಲ್ಲ) 0.8 ಮಿ.ಮೀ.ನಷ್ಟು ಎತ್ತಿದಾಗ ಎಂಜಿನ್ ವೇಗ ಒಂಚೂರು ಏರಿ ತಕ್ಷಣ ಮೊದಲಿನಂತಾಯಿತು. ಮಿಶ್ರಣ ಸರಿ ಇದೆ ಅಂತಲೇ ಅರ್ಥ, ಹಾಗಾಗಿ ಮಿಶ್ರಣ ಬದಲಿಸುವ ಜೆಟ್ ನಟ್ ಮುಟ್ಟಲಿಲ್ಲ. ವ್ಯಾಕ್ಯೂಮ್ ಪೈಪ್ ಮಾತ್ರ ಮರೆಯದೆ ವಾಪಸ್ ಹಾಕಿ. ಅದಿಲ್ಲದೆಯೂ ಗಾಡಿ ಓಡುತ್ತದೆ, ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.